ಭೂಕಂಪದ ಬರೆಹ ಯಾರ ಸ್ವತ್ತು?

ಊರಿನ ಕೆರೆಯ ನೀರು ಊರಿನದೆಂಬ ಮಾತಿಗೆ ನಮ್ಮ ಸೀಮೆಯಲ್ಲಿ ಪ್ರತಿವಾದಿಗಳಿಲ್ಲ. ಕುಣಿಗಲಿನ ದೊಡ್ಡಕೆರೆಯಾಗಲಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯಾಗಲಿ, ತುಮಕೂರಿನ ಅಮಾನಿಕೆರೆಯಾಗಲಿ, ಕಟ್ಟಿಸಿದವನ ಕೀರ್ತಿ ಕಟ್ಟಿಸಿದವನಿಗೆ ಸಲ್ಲುವುದು. ನೀರು ಅಚ್ಚುಕಟ್ಟಿನ ಜನಕ್ಕೆ ಸಲ್ಲುವುದು. ತೂಬಿನ ಬಳಿ ಕಾವಲಿರುವ ನೀರಗಂಟಿಯು ನೀರನ್ನು ಕ್ರಮವರಿತು ಬಿಡತಕ್ಕವನೇ ಹೊರತು ಅದರ ಒಡೆಯನಲ್ಲ. ಆದರೆ ಪ್ರಜೆಗಳ ಹಣದಿಂದ ಕೊಂಡ ಯಂತ್ರವೊಂದು ಹಗಲಿರುಳೂ ಎಚ್ಚರದಿಂದಿದ್ದು ಬರೆದಿಟ್ಟ ಬರೆಹವು ಯಾರದೆಂದು ಕೇಳಿದರೆ ಉತ್ತರವು ಅಷ್ಟು ನೆಟ್ಟಗೆ ಬರುವುದಿಲ್ಲ. ಭೂಕಂಪಮಾಪಕ ಯಂತ್ರಗಳ ಲೇಖನಗಳನ್ನು ಕುರಿತು ಈ ಪ್ರಶ್ನೆಯನ್ನು ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಸಂಗತಿಯೇನೆಂಬುದನ್ನು ತಿಳಿಸುವೆನು. ಭಾರತದಲ್ಲಿ ಭೂಮಿಯ ನಡುಕವನ್ನು ಬರೆದುಕೊಳ್ಳುವ ಮೊದಲ ಯಂತ್ರವು 1897ರ ಜೂನ್ 12ರ ಮಹಾ ಭೂಕಂಪದ ತರುವಾಯ, 1898ರಲ್ಲಿ, ಕಲ್ಕತ್ತೆಯ ಆಲಿಪುರದಲ್ಲಿ ಸ್ಥಾಪಿತವಾಯಿತು. ಈಗ ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರವು ದೇಶದಲ್ಲೆಲ್ಲ ನೂರಕ್ಕೂ ಮಿಕ್ಕ ನೆಲೆಗಳನ್ನು ನಡೆಸುತ್ತಿದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ನಮ್ಮ ರಾಜ್ಯದೊಳಗೆ ತನ್ನವೇ ಆದ ನೆಲೆಗಳಿವೆ. ಇವೆಲ್ಲವುಗಳಿಗಿಂತ ನಮಗೆ ನೆರೆಯದು ಗೌರಿಬಿದನೂರು. ನಮ್ಮ ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಎಲ್ಲೆಯಾಚೆ, 1965ರಲ್ಲಿ, ಪರಮಾಣುಶಕ್ತಿ ಇಲಾಖೆಯವರು ಬ್ರಿಟನ್ನಿನವರ ನೆರವಿನಿಂದ ಇಪ್ಪತ್ತು ಯಂತ್ರಗಳನ್ನು ಎರಡು ಸಾಲುಗಳಾಗಿ ಹಲವು ಹರದಾರಿ ಉದ್ದಕ್ಕೆ ನೆಲದಲ್ಲಿ ಹೂಡಿದರು. ದೂರದೇಶಗಳಲ್ಲಿ ನಡೆಯುವ ಪರಮಾಣು ಸ್ಫೋಟಗಳಿಗೆ ಕಿವಿಗೊಡುವುದು ಅದರ ಮುಖ್ಯ ಕಾರ್ಯ. ಇವೆಲ್ಲವೂ ರಾಜಸ್ವದ ಹಣದಿಂದ ನಡೆಯತಕ್ಕವು.

ಇವುಗಳಿಂದ ಸಾಮಾನ್ಯ ಜನಕ್ಕೆ ದೊರೆಯುವುದೇನು? ಭೂಕಂಪವಾದ ಸ್ವಲ್ಪ ಹೊತ್ತಿನಲ್ಲಿ ಇಂಥ ಕಡೆ, ಇಷ್ಟು ಗಂಟೆಗೆ, ಇಷ್ಟು ತೀವ್ರತೆಯ, ಇಷ್ಟು ಆಳದ ಕಂಪನವಾಯಿತೆಂಬ ಒಂದು ಸಾಲು ಪ್ರಕಟವಾಗುವುದು. ಆ ಸಾಲು ಶೀಘ್ರವಾಗಿ ಬರುತ್ತದೆ, ಅದಕ್ಕಾಗಿ ಆ ಕೇಂದ್ರಗಳ ನೌಕರರನ್ನು ಪ್ರಶಂಸಿಸಲೇಬೇಕು. ಆದರೆ ಆ ಸಾಲಿಗೆ ಆಧಾರವಾದ ಮೂಲಲೇಖನ, ಅಂದರೆ ಯಂತ್ರವು ನೆಲದ ಅಲುಗಾಟವನ್ನು ಕ್ಷಣಕ್ಷಣಕ್ಕೂ ಗುರುತಿಸಿದ ತರಂಗರೇಖೆ, ಬಹುಮಟ್ಟಿಗೆ ಇಲಾಖೆಗಳ ಒಳಗೇ ಉಳಿಯುವುದು. ಹೊರಗಿನ ವಿದ್ವಾಂಸನೋ ಕಾಲೇಜಿನ ಅಧ್ಯಾಪಕನೋ ಅದನ್ನು ಪಡೆಯಬೇಕಾದರೆ ಅರ್ಜಿ ಬರೆದು, ಉದ್ದೇಶವನ್ನು ನಿವೇದಿಸಿ, ಅನುಗ್ರಹವನ್ನು ಕಾಯಬೇಕು. ಹಕ್ಕಿನ ವಿಷಯವು ಅನುಗ್ರಹದ ವಿಷಯವಾಗಿರುವುದೇ ನನ್ನ ಆಕ್ಷೇಪಣೆಗೆ ಮೂಲ.

“ಸಾರಾಂಶ ಸಿಕ್ಕಿತಲ್ಲ, ಮೂಲವೇಕೆ?” ಎನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದು ದೃಷ್ಟಾಂತವಿದೆ. ಮೈಸೂರು ಸರ್ಕಾರದ ಪುರಾತತ್ತ್ವ ಇಲಾಖೆಯಿಂದ ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಪ್ರಕಟಿಸಿದರು. “ಗುಬ್ಬಿ ತಾಲ್ಲೂಕಿನಲ್ಲಿ ಒಂದು ದಾನಶಾಸನ, ಕುಣಿಗಲು ತಾಲ್ಲೂಕಿನಲ್ಲಿ ಒಂದು ವೀರಗಲ್ಲು” ಎಂದು ಪಟ್ಟಿಯನ್ನು ಮಾತ್ರ ಅಚ್ಚುಹಾಕಿಸಿ ಅವರು ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಕಲ್ಲಿನ ಮೇಲಿದ್ದ ಪಾಠವನ್ನೇ ಅಚ್ಚುಮಾಡಿಸಿ, ಅನುವಾದವನ್ನೂ ಕೊಟ್ಟು, ಲೋಕದ ಕೈಗಿತ್ತರು. ಆದುದರಿಂದಲೇ ತರುವಾಯದ ವಿದ್ವಾಂಸರು ರೈಸರು ತಪ್ಪಾಗಿ ಓದಿದ ಕಡೆಗಳನ್ನು ತಿದ್ದುವುದು ಸಾಧ್ಯವಾಯಿತು; ಕಾಲನಿರ್ಣಯಗಳನ್ನು ಮರಳಿ ಪರಿಶೋಧಿಸುವುದು ಸಾಧ್ಯವಾಯಿತು. ತಿದ್ದುಪಾಟಿನಿಂದ ರೈಸರ ಹಿರಿಮೆ ಕುಂದಲಿಲ್ಲ. ಕನ್ನಡನಾಡಿನ ಚರಿತ್ರೆ ಬೆಳೆಯಿತು. ಹಾಗೆಯೇ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ನಡುವಣಿಂದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮುದ್ರಿಸಿ ಹೊರತಂದರು. ಆ ಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಅದರ ತಾತ್ಪರ್ಯವನ್ನು ಮಾತ್ರ ಹತ್ತು ಸಾಲಿನಲ್ಲಿ ಹೇಳಿದ್ದರೆ ಅವರನ್ನು ಇಂದು ಯಾರು ಸ್ಮರಿಸುತ್ತಿದ್ದರು? ಶಿಲೆಯ ಲೇಖನಕ್ಕೂ ತಾಳೆಗರಿಗೂ ಸಂದ ನ್ಯಾಯವು ಭೂಮಿಯ ಲೇಖನಕ್ಕೆ ಏಕೆ ಸಲ್ಲಬಾರದು?

ತರಂಗರೇಖೆಯಲ್ಲಿ ಸಾರಾಂಶಕ್ಕಿಂತ ಹೆಚ್ಚಿನದೇನಿದೆಯೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಭೂಮಿಯೊಳಗಿಂದ ಹೊರಟ ಕಂಪನದಲ್ಲಿ ಒತ್ತಿ ಸಾಗುವ ಅಲೆ ಮೊದಲು ಬರುವುದು. ಅಡ್ಡಡ್ಡಲಾಗಿ ಅಲುಗಿಸುವ ಅಲೆ ಅನಂತರ ಬರುವುದು. ಇವೆರಡರ ನಡುವಣ ಅಂತರವು ಎಷ್ಟು ಕ್ಷಣವೋ ಅದನ್ನು ಸುಮಾರು ಎಂಟರಿಂದ ಗುಣಿಸಿದರೆ ಹತ್ತಿರದ ಕಂಪನಗಳಲ್ಲಿ ದೂರವು ಕಿಲೋಮೀಟರುಗಳಲ್ಲಿ ತಿಳಿಯುವುದು. ಮೂರು ನೆಲೆಗಳಿಂದ ಹೀಗೆ ದೂರ ತಿಳಿದರೆ ಸ್ಥಳವು ಗೊತ್ತಾಗುವುದು. ಮೊದಲನೆಯ ಅಲೆ ನೆಲವನ್ನು ತಳ್ಳಿತೋ ಸೆಳೆಯಿತೋ ಎಂಬುದರಿಂದ ಇನ್ನೊಂದು ದೊಡ್ಡ ವಿಷಯ ತಿಳಿಯುವುದು: ಮದ್ದು ಸಿಡಿದಾಗ ಸುತ್ತಲೂ ನೆಲವು ಮೊದಲು ಹೊರಕ್ಕೆ ತಳ್ಳಲ್ಪಡುವುದು, ಭೂಮಿಯು ತಾನಾಗಿ ಸೀಳಿ ಜರುಗಿದಾಗ ಕೆಲವು ದಿಕ್ಕುಗಳಲ್ಲಿ ತಳ್ಳಲ್ಪಟ್ಟು ಕೆಲವು ದಿಕ್ಕುಗಳಲ್ಲಿ ಸೆಳೆಯಲ್ಪಡುವುದು. ಗೋಡೆಯೊಂದು ಎಷ್ಟು ಬಲವಾಗಿ ಅಲುಗಿತು, ಎಷ್ಟು ಹೊತ್ತು ಅಲುಗಿತು ಎಂಬುದೂ ಆ ರೇಖೆಯಲ್ಲಿಯೇ ಇರುವುದು. ತೀವ್ರತೆಯ ಒಂದು ಅಂಕಿಯಲ್ಲಿ ಇದಾವುದೂ ಉಳಿಯುವುದಿಲ್ಲ.

ಅಲ್ಲದೆ ಈ ಶಾಸ್ತ್ರವು ಹುಟ್ಟಿದ್ದೇ ಹಂಚಿಕೆಯಿಂದ. 1889ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಆದ ಭೂಕಂಪವನ್ನು ಜರ್ಮನಿಯ ಪಾಟ್ಸ್‌ಡಾಮಿನಲ್ಲಿದ್ದ ಯಂತ್ರವು ಬರೆದುಕೊಂಡಾಗ, ಒಂದು ದೇಶದ ನಡುಕವು ಇನ್ನೊಂದು ದೇಶದಲ್ಲಿ ಓದಲ್ಪಡುವುದೆಂಬುದು ಲೋಕಕ್ಕೆ ತಿಳಿಯಿತು. ಜಾನ್ ಮಿಲ್ನ್ ಎಂಬವರು ಇಂಗ್ಲೆಂಡಿನ ಷೈಡ್ ಎಂಬ ಸಣ್ಣ ಊರಿನಲ್ಲಿ ಕುಳಿತು, ಮುಂಬಯಿ, ಕಲ್ಕತ್ತೆ, ಕೊಡೈಕಾನಲು ಮೊದಲ್ಗೊಂಡು ನಾನಾ ಖಂಡಗಳ ನೆಲೆಗಳಿಂದ ಬಂದ ಲೆಕ್ಕಗಳನ್ನು ಅಚ್ಚುಹಾಕಿಸಿ ಎಲ್ಲರಿಗೂ ಕಳುಹಿಸುತ್ತಿದ್ದರು. ನಮ್ಮ ಭೂವಿಜ್ಞಾನ ಇಲಾಖೆಯಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮರು 1897ರ ಅಸ್ಸಾಮಿನ ಭೂಕಂಪವನ್ನು ಇಟಲಿ ಮೊದಲಾದ ದೇಶಗಳ ಯಂತ್ರಗಳು ಬರೆದ ಲೇಖನಗಳನ್ನು ತರಿಸಿ ನೋಡಿ, ಅಲೆಗಳಲ್ಲಿ ಭೇದವಿರುವುದನ್ನು ತೋರಿಸಿದರು. 1906ರಲ್ಲಿ ಭೂಮಿಗೆ ಒಳತಿರುಳೊಂದು ಉಂಟೆಂಬುದನ್ನು ಅಂಥ ಲೇಖನಗಳಿಂದಲೇ ಸಾಧಿಸಿದರು. ಇಟಲಿಯವರು “ಇದು ನಮ್ಮ ಯಂತ್ರದ ಬರೆಹ, ಹೊರಗಿನವರಿಗೆ ಕೊಡಲಾಗದು” ಎಂದಿದ್ದರೆ ಅಸ್ಸಾಮಿನ ಭೂಕಂಪದಿಂದ ಈ ಪಾಠವನ್ನು ಕಲಿಯುವುದು ಹೇಗೆ ಸಾಧ್ಯವಾಗುತ್ತಿತ್ತು? ಹೊರಗಿನವರಿಂದ ಪಡೆದು ಬೆಳೆದ ಶಾಸ್ತ್ರದಲ್ಲಿ ಹೊರಗಿನವರಿಗೆ ಕೊಡೆವೆನ್ನುವುದು ಋಣವನ್ನು ತೀರಿಸದ ನಡತೆ.

ಇನ್ನು ಪೂರ್ವಪಕ್ಷಗಳನ್ನು ವಿಚಾರಿಸೋಣ.

ಮೊದಲನೆಯ ಪೂರ್ವಪಕ್ಷವು ದೇಶರಕ್ಷಣೆಯದು. ಇದನ್ನು ಹಗುರವಾಗಿ ತಳ್ಳಿಹಾಕುವ ಅವಿವೇಕ ನನಗಿಲ್ಲ. ಸ್ಫೋಟಗಳಿಗೆ ಕಿವಿಗೊಡುವ ಗೌರಿಬಿದನೂರಿನಂಥ ನೆಲೆಯ ಸಾಮರ್ಥ್ಯವೆಷ್ಟೆಂಬುದನ್ನು ಬೀದಿಯಲ್ಲಿ ಸಾರಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಭೂಮಿಯ ಅಲೆಗೆ ಗಡಿಯಿಲ್ಲವೆಂಬುದನ್ನು ಈ ವಾದಿಗಳು ಮರೆಯುತ್ತಾರೆ. 1998ರ ಮೇ 11ರಂದು ಪೋಖರಣದಲ್ಲಿ ನಾವು ನಡೆಸಿದ ಪರೀಕ್ಷೆಯ ಅಲೆಗಳನ್ನು ಹೊರದೇಶಗಳ ನೆಲೆಗಳು ಬರೆದುಕೊಂಡುವು; ಪಾಕಿಸ್ತಾನದ ನಿಲೋರಿನ ಲೇಖನವು ವಿದ್ವಾಂಸರೆಲ್ಲರ ಕೈಗೂ ದೊರೆಯಿತು. ಅವುಗಳ ಆಧಾರದ ಮೇಲೆ ಹೊರಗಿನವರು ನಮ್ಮವರು ಹೇಳಿದುದಕ್ಕಿಂತ ಬಹಳ ಕಡಮೆ ಬಲವನ್ನು ಲೆಕ್ಕ ಹಾಕಿದರು. ನಮ್ಮ ವಿಜ್ಞಾನಿಗಳು ಪ್ರತಿಲೆಕ್ಕ ಬರೆದರು. ವಿವಾದವು ವರ್ಷಗಟ್ಟಲೆ ನಡೆಯಿತು. ಬಾಗಿಲು ಮುಚ್ಚಿದ್ದರಿಂದ ರಹಸ್ಯ ಉಳಿಯಲಿಲ್ಲ. ನಮ್ಮ ಸಾಕ್ಷ್ಯಕ್ಕೆ ಸಭೆಯಲ್ಲಿ ಇರಬೇಕಾದ ತೂಕ ಮಾತ್ರ ಕಡಮೆಯಾಯಿತು. ಇದಕ್ಕೆ ಪ್ರತಿಯಾಗಿ, ಗೌರಿಬಿದನೂರಿನ ಲೇಖನಗಳನ್ನೇ ಆಧಾರವಾಗಿಟ್ಟುಕೊಂಡು ಭಾರತದ ಸುತ್ತಣ ಭೂಗರ್ಭದ ರಚನೆಯನ್ನು ವಿವರಿಸುವ ಪ್ರಬಂಧವು 1977ರಷ್ಟು ಹಿಂದೆಯೇ ವಿದೇಶದ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದರಿಂದ ದೇಶಕ್ಕೆ ಒದಗಿದ ಹಾನಿಯೇನು?

2004ರ ಡಿಸೆಂಬರ್ 26ರ ಸಮುದ್ರೋತ್ಪಾತದ ತರುವಾಯ ಪೋರ್ಟ್ ಬ್ಲೇರ್, ಮಿನಿಕಾಯ್, ಶಿಲ್ಲಾಂಗ್ ಎಂಬ ಮೂರು ನೆಲೆಗಳ ಲೇಖನಗಳನ್ನು ಹೊರಲೋಕದೊಡನೆ ಹಂಚಿಕೊಳ್ಳಲು ನಮ್ಮ ಸರ್ಕಾರವೇ ಒಪ್ಪಿತು. ಮೂರಕ್ಕೆ ಒಪ್ಪಿದ ನ್ಯಾಯವು ನೂರಕ್ಕೆ ಏಕೆ ಒಪ್ಪದು? ಶಾಸನವೂ ಈ ವಿವೇಕವನ್ನೇ ಹೇಳುತ್ತದೆ. 2005ರ ಮಾಹಿತಿ ಹಕ್ಕಿನ ಅಧಿನಿಯಮದ 8ನೆಯ ಪ್ರಕರಣವು ದೇಶದ ಭದ್ರತೆಗೆ ಬಾಧಕವಾದುದನ್ನು ಕೊಡಬೇಕಿಲ್ಲವೆನ್ನುತ್ತದೆ, ಸರಿ. ಆದರೆ 10ನೆಯ ಪ್ರಕರಣವು, ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡತಕ್ಕದ್ದೆನ್ನುತ್ತದೆ. 2012ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ದತ್ತಾಂಶ ಹಂಚಿಕೆಯ ನೀತಿಯೂ ಸಾರ್ವಜನಿಕ ಹಣದಿಂದ ಸಂಗ್ರಹಿಸಿದುದನ್ನು ಹಂಚುವುದೇ ನಿಯಮ, ಬಚ್ಚಿಡುವುದು ಅಪವಾದ ಎಂಬ ತತ್ತ್ವವನ್ನು ಅಂಗೀಕರಿಸಿದೆ. ಒಂದು ಕೋಣೆಗೆ ಬೀಗ ಬೇಕೆಂದರೆ ಮನೆಗೆಲ್ಲ ಬೀಗ ಹಾಕುವುದೇ?

ಎರಡನೆಯ ಪೂರ್ವಪಕ್ಷ: ಜನರು ಹೆದರುವರು, ಅರೆತಿಳಿವಿನವರು ಇಲ್ಲದ ಭವಿಷ್ಯವನ್ನು ನುಡಿಯುವರು. ಇದಕ್ಕೆ ಸಮಾಧಾನವನ್ನು ನಮ್ಮ ನಾಡಿನ ಅನುಭವವೇ ಹೇಳುವುದು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬಂದು ಮನೆಗಳು ಅದುರಿದಾಗ ಜನರು ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. 2022ರ ಜೂನ್, ಜುಲೈ ತಿಂಗಳುಗಳಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯ ಹಳ್ಳಿಗಳು ಮೇಲಿಂದ ಮೇಲೆ ನಡುಗಿದುವು. 2018ರಲ್ಲಿ ಗುಡ್ಡಗಳು ಜರಿದುದನ್ನು ಕಂಡಿದ್ದ ಆ ಜನಕ್ಕೆ ನಿದ್ರೆ ಎಲ್ಲಿಯದು? ಇವರನ್ನು ಹೆದರಿಸಿದ್ದು ತರಂಗರೇಖೆಯಲ್ಲ; ನೆಲ. ಹೆದರಿದವನಿಗೆ ತಿಳಿವು ಸಿಕ್ಕದೆ ಹೋದಾಗ ಗಾಳಿಮಾತು ಆ ಸ್ಥಳವನ್ನು ಆಕ್ರಮಿಸುವುದು. ಹತ್ತಿರದ ಕಾಲೇಜಿನ ಮೇಷ್ಟರೊಬ್ಬರು ಲೇಖನವನ್ನು ತೆರೆದು ತೋರಿಸಿ, “ನೋಡಿ, ನಿನ್ನೆಯದು ಇದು, ಇಂದಿನದು ಇದು” ಎಂದು ವಿವರಿಸುವಂತಿದ್ದರೆ ಗಾಳಿಮಾತಿಗೆ ಕಿವಿಗೊಡುವವರಾರು?

ಮೂರನೆಯದು: ಹೊರಗಿನವರಿಗೆ ಯೋಗ್ಯತೆ ಸಾಲದು, ತಪ್ಪಾಗಿ ಓದುವರು. ತಪ್ಪಾಗಿ ಓದಬಹುದು. ಆದರೆ ಒಂದು ತಪ್ಪನ್ನು ತಿದ್ದುವುದು ಇನ್ನೊಬ್ಬನ ಓದೇ ಹೊರತು ಬೀಗವಲ್ಲ. ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಭೂಕಂಪವನ್ನು ಕುರಿತ ಅಧ್ಯಾಯವನ್ನು ಆರಂಭಿಸುವಾಗ, ನೀರಿನೊಳಗಣ ಮಹಾಪ್ರಾಣಿಗಳಿಂದ ಎಂಬವರ ಮತ, ಭೂಭಾರದಿಂದ ಬಳಲಿದ ದಿಗ್ಗಜಗಳಿಂದ ಎಂಬವರ ಮತ, ಗಾಳಿಗೆ ಗಾಳಿ ತಾಗುವುದರಿಂದ ಎಂಬವರ ಮತ, ಅದೃಷ್ಟದಿಂದ ಎಂಬವರ ಮತ ಎಲ್ಲವನ್ನೂ ಸಾಲಾಗಿ ಎದುರಿಗಿಡುತ್ತಾನೆ. ಆ ಕಾರಣಗಳನ್ನು ಇಂದು ನಾವು ಒಪ್ಪುವುದಿಲ್ಲ. ಆದರೆ ಭಿನ್ನಮತಗಳನ್ನು ಬಚ್ಚಿಡದೆ ಮುಂದಿಟ್ಟು ವಿಚಾರಕ್ಕೆ ತೊಡಗುವ ಆ ಕ್ರಮವನ್ನು ಒಪ್ಪದಿರುವುದು ಹೇಗೆ? ನಮ್ಮ ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಯು ಜಪಾನಿನ ಭೂಕಂಪದ ಲೇಖನವನ್ನು ಮನೆಯಲ್ಲಿ ಕುಳಿತು ಪಡೆಯಬಲ್ಲನು. ಏಕೆಂದರೆ 1995ರ ಜನವರಿಯಲ್ಲಿ ಕೋಬೆ ನಗರದ ಭೂಕಂಪದಲ್ಲಿ ಆರು ಸಾವಿರಕ್ಕೂ ಮಿಕ್ಕ ಜನ ಮಡಿದ ಮೇಲೆ, ಆ ದೇಶದವರು 1996ರಲ್ಲಿ ಸುಮಾರು ಸಾವಿರ ನೆಲೆಗಳನ್ನು ಹೂಡಿ, ಅವುಗಳ ಲೇಖನಗಳನ್ನು ಕೇಳಿದವರಿಗೆಲ್ಲ ತೆರೆದಿಟ್ಟರು. ತನ್ನ ನಾಡಿನ ಕಂಪನವನ್ನು ಕಲಿಯಬೇಕೆಂಬ ವಿದ್ಯಾರ್ಥಿಗೆ ಜಪಾನು ಹತ್ತಿರ, ಯಲಹಂಕ ದೂರವೆಂಬ ಸ್ಥಿತಿ ನಮಗೆ ಗೌರವದ್ದೇ?

ನಾಲ್ಕನೆಯ ಪೂರ್ವಪಕ್ಷವನ್ನು ಇಲಾಖೆಯ ವಿಜ್ಞಾನಿಗಳೇ ಮೆಲ್ಲಗೆ ಹೇಳುವರು: ಬಿಸಿಲು ಮಳೆಗಳಲ್ಲಿ ಯಂತ್ರ ಹೂಡಿ ಕಾದವರು ನಾವು, ಪ್ರಬಂಧ ಬರೆದು ಹೆಸರು ಗಳಿಸುವವರು ಇನ್ನೊಬ್ಬರೇ? ಈ ಮಾತಿನಲ್ಲಿ ನ್ಯಾಯವಿದೆ. ಉತ್ತವನಿಗೆ ಮೊದಲ ತೆನೆ ಸಲ್ಲಬೇಕು. ವಿಶೇಷ ಶೋಧನೆಗೆಂದು ಹೂಡಿದ ಯಂತ್ರಗಳ ಲೇಖನವನ್ನು ಒಂದು ವರ್ಷ ಅವರೇ ಇಟ್ಟುಕೊಳ್ಳಲಿ. ಬಳಸಿದವರು ಅವರ ಹೆಸರನ್ನು ಕಡ್ಡಾಯವಾಗಿ ಸ್ಮರಿಸಲಿ. ಆದರೆ ಮೊದಲ ತೆನೆಯ ಹಕ್ಕಿಗೂ ಕಣಜಕ್ಕೆ ಮುದ್ರೆಯೊತ್ತಿ ತಲೆಮಾರುಗಳ ಕಾಲ ಕಾಯುವುದಕ್ಕೂ ಬಹಳ ಅಂತರವಿದೆ.

ಇಷ್ಟನ್ನು ಓದಿದ ವಾಚಕರು, “ತುಮಕೂರು ಭೂಕಂಪದ ಸೀಮೆಯಲ್ಲವಷ್ಟೆ, ನಮಗೇಕೆ ಈ ಚಿಂತೆ?” ಎನ್ನಬಹುದು. ಅವರು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ನೆನೆಯಬೇಕು. ನಮ್ಮ ಬೀದರ, ಕಲಬುರಗಿಗಳಿಗೆ ನೆರೆಯ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಮಲಗಿದಲ್ಲಿಯೇ ಮಡಿದರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶವು ಎಲ್ಲಕ್ಕಿಂತ ಕಡಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ಹಿಂದಿನ ವರ್ಷ, 1992ರಲ್ಲಿ, ಅಲ್ಲಿ ಸಣ್ಣ ಕಂಪನಗಳಾಗಿದ್ದುವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರವಾದ ಮಾಳಿಗೆ: ಅವರನ್ನು ಕೊಂದದ್ದು ಆ ಮನೆಗಳು. ನಮ್ಮ ಹಳ್ಳಿಗಳಲ್ಲಿಯೂ ಹಳೆಯ ಕಲ್ಲು ಮಣ್ಣಿನ ಮನೆಗಳು ಇನ್ನೂ ಇಲ್ಲವೆ? ಕಂಪನವು ಯಾವಾಗ ಬರುವುದೆಂದು ಯಾವ ತರಂಗರೇಖೆಯೂ ಮುಂದಾಗಿ ಹೇಳಲಾರದು. ಹಾಗೆ ಹೇಳುವೆನೆಂಬವನನ್ನು ನಂಬಬೇಡಿ. ಆದರೆ ನೆಲವು ಎಲ್ಲಿ ಹೇಗೆ ಅಲುಗುವುದೆಂದು ತಿಳಿದರೆ ಮನೆಯನ್ನು ಹೇಗೆ ಕಟ್ಟಬೇಕು, ಹಳೆಯದನ್ನು ಹೇಗೆ ಬಲಪಡಿಸಬೇಕು ಎಂಬುದು ತಿಳಿಯುವುದು.

ಇದಕ್ಕಿಂತ ದಿನನಿತ್ಯದ ಇನ್ನೊಂದು ವಿಷಯವಿದೆ. ಕಲ್ಲುಗಣಿಯ ನೆರೆಯಲ್ಲಿರುವ ಹಳ್ಳಿಯವರು ಮದ್ದು ಸಿಡಿದಾಗ ಗೋಡೆ ಬಿರಿಯಿತೆನ್ನುವರು. ಗಣಿಯವರು ಗೋಡೆಯೇ ಹಳೆಯದೆನ್ನುವರು. ಸಾಕ್ಷಿ ಹೇಳಬಲ್ಲುದು ಯಂತ್ರವೊಂದೇ. ಅದು ಸಾಕ್ಷಿ ಹೇಳಿದರೆ ಏನಾಗುವುದೆಂಬುದನ್ನು ಮಂಡ್ಯ ಜಿಲ್ಲೆಯವರು ಕಂಡಿದ್ದಾರೆ. 2018ರ ಸೆಪ್ಟೆಂಬರ್ 25ರಂದು ಕೃಷ್ಣರಾಜಸಾಗರದ ಸುತ್ತಮುತ್ತ ಭಾರಿ ಸದ್ದು ಕೇಳಿಬಂದಿತು. ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಯಂತ್ರದ ಲೇಖನವನ್ನು ಪರಿಶೀಲಿಸಿ, ಅದು ಸ್ಫೋಟದ ಗುರುತೆಂದೂ, ಬೇಬಿ ಬೆಟ್ಟದ ಕಡೆಯ ಗಣಿಗಾರಿಕೆಯಿಂದ ಅಣೆಕಟ್ಟಿಗೆ ಅಪಾಯವಾಗಬಹುದೆಂದೂ ವರದಿ ಕೊಟ್ಟರು. ಆ ವರದಿಯು ಹೊರಬಿದ್ದುದರಿಂದ ರೈತರಿಗೆ ಆಧಾರವೊಂದು ದೊರೆಯಿತು. ಕಡೆಗೆ 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅಣೆಕಟ್ಟಿನ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆದು ಆಜ್ಞೆ ಮಾಡಿತು. ಆ ಕೇಂದ್ರವನ್ನು ಇದಕ್ಕಾಗಿ ಎಷ್ಟು ಹೊಗಳಿದರೂ ಸಾಲದು. ಆದರೆ ಕನ್ನಂಬಾಡಿಗೆ ದೊರೆತ ನ್ಯಾಯವು ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಅಣೆಕಟ್ಟಿಗೂ, ಹೆಸರಿಲ್ಲದ ನೂರು ಕೆರೆಗಳ ಏರಿಗಳಿಗೂ ದೊರೆಯಬೇಕಾದರೆ, ಒಬ್ಬ ಅಧಿಕಾರಿಯ ಒಳ್ಳೆಯತನವನ್ನು ನೆಚ್ಚಿ ಕುಳಿತರೆ ಆಗದು, ನಿಯಮವೇ ಬೇಕು.

ಇದೇ ಕೇಂದ್ರವು ಮಳೆಯ ವಿಷಯದಲ್ಲಿ ಎಂಥ ಮೇಲ್ಪಂಕ್ತಿಯನ್ನು ಹಾಕಿದೆ! 1988ರಲ್ಲಿ ಬರದ ಲೆಕ್ಕವಿಡಲು ಆರಂಭವಾದ ಈ ಸಂಸ್ಥೆಯು ಇಂದು ಗ್ರಾಮಪಂಚಾಯತಿಗಳ ಮಟ್ಟದಲ್ಲಿ ಮಳೆಯನ್ನು ಅಳೆಯುತ್ತಿದೆ. “ವರುಣಮಿತ್ರ”ಕ್ಕೆ ದೂರವಾಣಿ ಮಾಡಿದ ಗುಬ್ಬಿಯ ತೆಂಗಿನ ತೋಟದವನಿಗೂ ಉತ್ತರ ಹೇಳುತ್ತಿದೆ. ಆಕಾಶದಿಂದ ಬಿದ್ದುದರ ಲೆಕ್ಕವನ್ನು ಕೊಡಬಹುದಾದರೆ ನೆಲದಿಂದ ಎದ್ದುದರ ಲೆಕ್ಕವನ್ನು ಕೊಡಬಾರದೇಕೆ?

ನಾವು ಕೇಳತಕ್ಕದ್ದು ನಾಲ್ಕೇ ಮಾತು. ಒಂದು: ಭೂಕಂಪ ಕೇಂದ್ರಗಳ ಮೂಲಲೇಖನಗಳನ್ನು ನಿಯತವಾದ ಅವಧಿಯೊಳಗೆ, ಉದ್ದೇಶವನ್ನು ಕೇಳದೆ, ಎಲ್ಲರಿಗೂ ತೆರೆದಿಡುವುದೇ ನಿಯಮವಾಗತಕ್ಕದ್ದು. ಎರಡು: ಯಾವ ನೆಲೆಯ ಲೇಖನವನ್ನು ತಡೆಹಿಡಿಯುವರೋ ಅದನ್ನು ಹೆಸರಿಸಿ, ಕಾರಣವನ್ನೂ ಕಾಲಮಿತಿಯನ್ನೂ ಬರೆದು ಪ್ರಕಟಿಸತಕ್ಕದ್ದು. ಮೂರು: ವಿದ್ಯಾಲಯಗಳಿಂದಲೂ ಪಂಚಾಯತಿಗಳಿಂದಲೂ ಹಣ ಪಡೆಯಕೂಡದು, ಯಂತ್ರದ ಬೆಲೆಯನ್ನು ಒಮ್ಮೆ ತೆತ್ತವರು ಬರೆಹದ ಬೆಲೆಯನ್ನು ಮತ್ತೊಮ್ಮೆ ತೆರುವುದು ನ್ಯಾಯವಲ್ಲ. ನಾಲ್ಕು: ಹಳೆಯ ಕಾಗದದ ಸುರುಳಿಗಳೂ ಕಾಂತಪಟ್ಟಿಗಳೂ ಎಲ್ಲಿ ಉಳಿದಿವೆಯೋ ಅಲ್ಲಿ ಅವು ಹುಳುಬಿದ್ದು ಹಾಳಾಗುವ ಮುನ್ನ ಪ್ರತಿ ಮಾಡಿಸಿ ಕಾಪಾಡತಕ್ಕದ್ದು.

ನಮ್ಮ ಸಂಘದವರು ಈ ಅರ್ಥದ ನಿವೇದನೆಯೊಂದನ್ನು ರಾಜ್ಯದ ಕೇಂದ್ರಕ್ಕೂ ಕೇಂದ್ರ ಸರ್ಕಾರದ ಭೂವಿಜ್ಞಾನ ಮಂತ್ರಾಲಯಕ್ಕೂ ಕಳುಹಿಸುವುದು ಉಚಿತವೆಂದು ಸೂಚಿಸುತ್ತೇನೆ. ಗುಬ್ಬಿ, ಕುಣಿಗಲು, ತುಮಕೂರುಗಳ ವಿದ್ಯಾವಂತ ಕುಟುಂಬಗಳವರು ತಮ್ಮ ಹೆಸರನ್ನು ಕೂಡಿಸಬೇಕು. ಶಾಸಕರಿಂದ ಸಭೆಯಲ್ಲಿ ಪ್ರಶ್ನೆ ಕೇಳಿಸಬೇಕು. ನನ್ನ ವಾದದಲ್ಲಿ ದೋಷ ಕಂಡವರು ಈ ಪತ್ರಿಕೆಯಲ್ಲಿಯೇ ಖಂಡಿಸಿ ಬರೆಯಲಿ. ಇಲಾಖೆಯ ವಿದ್ವಾಂಸರು ಬರೆದರಂತೂ ಬಹಳ ಸಂತೋಷ. ಅವರು ತಮ್ಮ ಉತ್ತರದ ಜೊತೆಗೆ ಒಂದು ತರಂಗರೇಖೆಯನ್ನೂ ಅಚ್ಚಿಗೆ ಕಳುಹಿಸಿದರೆ ವಾದವು ಅರ್ಧಕ್ಕರ್ಧ ಮುಗಿದಂತೆಯೇ ಸರಿ. ಇತ್ಯಲಂ.